ವಿಡಿಯೋ ಗೇಮ್ ತಯಾರಿಕೆ: ನಮ್ಮ ಹೆಣ್ಣುಮಕ್ಕಳಿಗೂ ಒಂದು ಉದ್ಯೋಗದ ದಾರಿ



ಕಳೆದ ವರ್ಷ ಒಂದು ಸಂಘದ ತಿಂಗಳ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಮುಗಿದ ಮೇಲೆ ಸಾಲದ ಅರ್ಜಿಗಳ ಸರದಿ ಬಂತು. ಒಬ್ಬ ಸದಸ್ಯೆ ಎದ್ದು ನಿಂತು ಮಗಳ ಓದಿಗೆ ಸಾಲ ಬೇಕು ಅಂದರು. ಏನು ಓದು ಎಂದು ಕೇಳಿದರೆ ಸ್ವಲ್ಪ ಹಿಂಜರಿದು, "ಅದೇನೋ ಗೇಮ್ ಮಾಡೋದಂತೆ ಸಿಸ್ಟರ್. ಮೊಬೈಲಲ್ಲಿ ಆಡ್ತಾರಲ್ಲ, ಅದು. ಪಿಯುಸಿ ಆದ್ಮೇಲೆ ಅದನ್ನೇ ಕಲೀತೀನಿ ಅಂತ ಹಟ ಹಿಡಿದಿದ್ದಾಳೆ" ಎಂದರು. ಕೆಲವರು ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಇನ್ನೊಬ್ಬ ಸದಸ್ಯೆ ನಗಲಿಲ್ಲ. "ಗೇಮ್ ಅಂದ್ರೆ ಏನು ಅಂತ ನನ್ನ ಕೇಳಿ. ನಮ್ಮನೆಯವರು ಮೊಬೈಲಲ್ಲಿ ರಮ್ಮಿ ಆಡಿ ಸಂಘದ ಸಾಲದ ದುಡ್ಡನ್ನೂ ಕಳೆದ್ರು. ಆ ಹುಡುಗೀನ ಆ ಕಡೆ ಕಳಿಸಬೇಡಿ ಅಕ್ಕ" ಎಂದರು. ಸಭೆ ಸುಮ್ಮನಾಯಿತು.

ಆ ದಿನ ನಾವು ಕೊಟ್ಟ ಸಲಹೆ ಸರಿಯಿರಲಿಲ್ಲ ಎಂದು ಈಗ ಒಪ್ಪಿಕೊಳ್ಳಬೇಕು. "ನರ್ಸಿಂಗ್ ಅಥವಾ ಟೀಚರ್ ಟ್ರೈನಿಂಗಿಗೆ ಸೇರಿಸಿ ಅಮ್ಮ, ಕೆಲಸ ಗ್ಯಾರಂಟಿ" ಎಂದು ಹೇಳಿಬಿಟ್ಟೆವು. ಆ ಹುಡುಗಿಯ ಮಾತನ್ನು ಕೇಳುವ ಮೊದಲೇ ಹೇಳಿದೆವು. ಸಭೆ ಮುಗಿದು ಹೊರಗೆ ಬಂದಾಗ ಅವಳು ಬಾಗಿಲ ಹತ್ತಿರ ನಿಂತಿದ್ದಳು. "ಸಿಸ್ಟರ್, ನಾನು ಮಾಡಿದ್ದನ್ನ ಒಂದ್ಸಲ ನೋಡಿ, ಆಮೇಲೆ ಹೇಳಿ" ಅಂದಳು. ಕಾಲೇಜಿನ ಕಂಪ್ಯೂಟರಿನಲ್ಲಿ ತಾನೇ ಮಾಡಿದ ಚಿಕ್ಕ ಆಟವೊಂದನ್ನು ತೋರಿಸಿದಳು. ಒಬ್ಬ ಹುಡುಗಿ ತಲೆಯ ಮೇಲೆ ಕೊಡ ಹೊತ್ತು ಬೋರ್‌ವೆಲ್‌ನಿಂದ ಮನೆಗೆ ಬರಬೇಕು. ದಾರಿಯಲ್ಲಿ ಕಲ್ಲು, ನಾಯಿ, ಸೈಕಲ್ಲು. ಅವಸರ ಮಾಡಿದರೆ ನೀರು ಚೆಲ್ಲುತ್ತದೆ, ನಿಧಾನ ಮಾಡಿದರೆ ಶಾಲೆಯ ಗಂಟೆ ಹೊಡೆಯುತ್ತದೆ. ನಾವು ಎರಡು ಸಲ ಆಡಿದೆವು, ಎರಡು ಸಲವೂ ಸೋತೆವು.

ಅಂದಿನಿಂದ ಈ ವಿಷಯವನ್ನು ತಿಳಿದವರ ಹತ್ತಿರ ಕೇಳಿ, ಓದಿ ತಿಳಿದುಕೊಳ್ಳಲು ಶುರು ಮಾಡಿದೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಭಯದ ಮಾತು ಮುಗಿಸೋಣ

ಮೊಬೈಲಿನಲ್ಲಿ ಆಡುವ ಎಲ್ಲವನ್ನೂ ನಾವು 'ಗೇಮ್' ಎಂದು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಅದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ.

ಒಂದು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆ ತೋರಿಸುವ ಆಟ. ರಮ್ಮಿ, ಪೋಕರ್, ಬೆಟ್ಟಿಂಗ್ ಇವೆಲ್ಲ ಈ ಜಾತಿಯವು. ಇವುಗಳಿಂದ ನಮ್ಮ ಎಷ್ಟೋ ಮನೆಗಳು ಹಾಳಾಗಿವೆ. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಇವುಗಳನ್ನು ನಿಷೇಧಿಸಿ ಕಾನೂನು ತಿದ್ದುಪಡಿ ಮಾಡಿತ್ತು. ಹೈಕೋರ್ಟ್ 2022ರಲ್ಲಿ ಅದನ್ನು ರದ್ದು ಮಾಡಿತು. ಮುಂದೆ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಆನ್‌ಲೈನ್ ಗೇಮಿಂಗ್ ಕಾನೂನನ್ನು ಅಂಗೀಕರಿಸಿತು. ಅದರ ಪ್ರಕಾರ ಹಣ ಕಟ್ಟಿಸಿಕೊಂಡು ಆಡಿಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ ಆಗಬಹುದು. ಆಡಿ ಕಳೆದುಕೊಂಡವರನ್ನು ಅಪರಾಧಿ ಎಂದು ಕಾನೂನು ನೋಡುವುದಿಲ್ಲ.

ಎರಡು, ದುಡ್ಡಿನ ಪಣ ಇಲ್ಲದ ಆಟ. ಕಥೆ ಇರುವ ಆಟ, ಒಗಟು ಬಿಡಿಸುವ ಆಟ, ಕಾರು ಓಡಿಸುವ ಆಟ, ಮಕ್ಕಳಿಗೆ ಲೆಕ್ಕ ಕಲಿಸುವ ಆಟ. ಇವನ್ನೇ ಸಾಮಾನ್ಯವಾಗಿ ವಿಡಿಯೋ ಗೇಮ್ ಅನ್ನುವುದು. ಮೇಲೆ ಹೇಳಿದ ಅದೇ ಕಾನೂನು ಇಂಥ ಆಟಗಳಿಗೆ ಪ್ರೋತ್ಸಾಹ ಕೊಡಬೇಕು ಎಂದೂ ಹೇಳುತ್ತದೆ. ನಾವು ಈ ಲೇಖನದಲ್ಲಿ ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ.

ಇವುಗಳಲ್ಲೂ ಅತಿಯಾದರೆ ತೊಂದರೆ ಇದೆ. ಊಟ, ನಿದ್ದೆ, ಓದು ಬಿಟ್ಟು ಆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಂದು ಕಾಯಿಲೆ ಎಂದು 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆ 'ಶಟ್ ಕ್ಲಿನಿಕ್' ಎಂಬ ಚಿಕಿತ್ಸಾ ವಿಭಾಗ 2014ರಿಂದ ಇದೆ. ಕೆಲವು ಆಟಗಳ ಒಳಗೇ ಬಟ್ಟೆ, ಆಯುಧ ಮುಂತಾದವನ್ನು ದುಡ್ಡಿಗೆ ಮಾರುತ್ತಾರೆ. ಆದ್ದರಿಂದ ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರಬಾರದು. ಆದರೆ ಹೋಟೆಲ್ ಊಟ ಅತಿಯಾದರೆ ಹೊಟ್ಟೆ ಕೆಡುತ್ತೆ ಅಂತ ಅಡುಗೆ ಕೆಲಸ ಕೆಟ್ಟದ್ದು ಅಂತ ಯಾರೂ ಹೇಳುವುದಿಲ್ಲ, ಅಲ್ಲವೇ? ಆಡುವುದು ಬೇರೆ, ಆಟ ತಯಾರಿಸುವುದು ಬೇರೆ. ತಯಾರಿಸುವುದು ಒಂದು ಕಸುಬು.

ಆಟ ಕಟ್ಟುವುದು ಅಂದರೆ ಏನು?

ಚೌಕಾಬಾರ ನಿಮಗೆಲ್ಲ ಗೊತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ, ಆಗ ಇನ್ನೊಂದು ಸಲ ಕವಡೆ ಹಾಕಬಹುದು. ಗೀಟು ಹಾಕಿದ ಮನೆಯಲ್ಲಿ ಕಾಯಿ ಇದ್ದರೆ ಯಾರೂ ಕಡಿಯುವ ಹಾಗಿಲ್ಲ.

ಈಗ ಯೋಚಿಸಿ. ಗೀಟು ಹಾಕಿದ ಮನೆ ಒಂದೂ ಇಲ್ಲದಿದ್ದರೆ ಏನಾಗುತ್ತಿತ್ತು? ಕಾಯಿ ಹಣ್ಣಾಗುವುದೇ ಕಷ್ಟ, ಆಟಕ್ಕೆ ಕೂತವರು ಬೇಸತ್ತು ಎದ್ದುಹೋಗುತ್ತಿದ್ದರು. ಎಲ್ಲ ಮನೆಗೂ ಗೀಟು ಇದ್ದಿದ್ದರೆ? ಭಯವೇ ಇಲ್ಲ, ಆಗಲೂ ಬೇಸರ. ಯಾರೋ ಒಬ್ಬರು ಅಜ್ಜಿಯೋ ಅಜ್ಜನೋ ಎಷ್ಟೋ ವರ್ಷಗಳ ಹಿಂದೆ ಇಷ್ಟು ಮನೆಗೆ ಗೀಟು ಇರಲಿ, ಇಷ್ಟು ಬಿದ್ದರೆ ಇನ್ನೊಂದು ಅವಕಾಶ ಇರಲಿ ಅಂತ ಲೆಕ್ಕ ಹಾಕಿದ್ದಾರೆ. ಆ ಲೆಕ್ಕಕ್ಕೆ ಇಂದಿನ ಹೆಸರು 'ಗೇಮ್ ಡಿಸೈನ್', ಅಂದರೆ ಆಟದ ವಿನ್ಯಾಸ.

ಅಳಗುಳಿಮಣೆ (ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರೆ) ಹಾಗೇ. 14 ಗುಳಿ, ಹುಣಸೆ ಬೀಜವೋ ಹೊಂಗಾರೆ ಬೀಜವೋ ಹಾಕಿ ಹಂಚುತ್ತಾ ಹೋಗುವುದು. ಎದುರಿನವರ ಮುಂದಿನ ನಾಲ್ಕು ನಡೆಯನ್ನು ಮನಸ್ಸಿನಲ್ಲೇ ಎಣಿಸುವ ಅತ್ತೆಯಂದಿರನ್ನು ನಾವು ನೋಡಿದ್ದೇವೆ. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ ಅಷ್ಟೇ, ಆಟದ ತಲೆ ಇತ್ತು. ಆದ್ದರಿಂದ 'ಹೆಂಗಸರಿಗೆ ಆಟ ಹೊಂದಲ್ಲ' ಎನ್ನುವ ಮಾತನ್ನು ಯಾರಾದರೂ ಹೇಳಿದರೆ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಯಾರು ಆಡುತ್ತಿದ್ದರು ಎಂದು ಕೇಳಿ.

ಒಂದು ಗೇಮಿನಲ್ಲಿ ಯಾರ ಯಾರ ಕೆಲಸ?

ಒಂದು ಸಿನಿಮಾಕ್ಕೆ ಕಥೆ, ಕ್ಯಾಮೆರಾ, ಸಂಗೀತ, ಸಂಕಲನ ಬೇಕಾಗುವ ಹಾಗೆ ಒಂದು ಗೇಮಿಗೂ ಹಲವು ಕೈ ಬೇಕು. ಚಿಕ್ಕ ಗೇಮನ್ನು ಒಬ್ಬರೇ ಮಾಡಬಹುದು. ದೊಡ್ಡದಕ್ಕೆ ನೂರಾರು, ಸಾವಿರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಮುಖ್ಯ ಕೆಲಸಗಳು ಇವು:

1. ವಿನ್ಯಾಸ: ಆಟದ ನಿಯಮ, ಕಷ್ಟ-ಸುಲಭ, ಗೆಲುವು-ಸೋಲು ನಿರ್ಧರಿಸುವವರು.
2. ಚಿತ್ರಕಲೆ: ಮನುಷ್ಯರು, ಊರು, ಮರ, ಬಟ್ಟೆ, ಬಣ್ಣ ಎಲ್ಲ ಬಿಡಿಸುವವರು. ಬಿಡಿಸಿದ್ದಕ್ಕೆ ಚಲನೆ ಕೊಡುವವರು ಆ್ಯನಿಮೇಟರ್‌ಗಳು.
3. ಪ್ರೋಗ್ರಾಮಿಂಗ್: ಈ ಗುಂಡಿ ಒತ್ತಿದರೆ ಹಾರಬೇಕು, ಕಲ್ಲು ತಾಗಿದರೆ ಬೀಳಬೇಕು ಎಂದು ಕಂಪ್ಯೂಟರಿಗೆ ಅದರ ಭಾಷೆಯಲ್ಲಿ ಹೇಳುವವರು.
4. ಕಥೆ, ಸಂಭಾಷಣೆ ಬರೆಯುವವರು ಮತ್ತು ಬೇರೆ ಭಾಷೆಗೆ ತರುವವರು.
5. ಸಂಗೀತ ಮತ್ತು ಶಬ್ದ ಮಾಡುವವರು.
6. ಪರೀಕ್ಷಕರು: ಆಟವನ್ನು ಮತ್ತೆ ಮತ್ತೆ ಆಡಿ, ಎಲ್ಲಿ ತಪ್ಪಿದೆ ಎಂದು ಹುಡುಕಿ ಬರೆದುಕೊಡುವವರು. ಬಹಳ ಜನ ಈ ಕೆಲಸದಿಂದ ಒಳಗೆ ಬಂದು ಮೇಲಕ್ಕೆ ಹೋಗುತ್ತಾರೆ.
7. ನಿರ್ವಹಣೆ: ಕೆಲಸ ಹಂಚಿ, ದಿನಾಂಕ ನೋಡಿ, ಖರ್ಚು ಲೆಕ್ಕ ಇಡುವವರು. ಸಂಘದ ಪ್ರತಿನಿಧಿಗಳಾಗಿ ಕೆಲಸ ಮಾಡಿದವರಿಗೆ ಇದು ಎಂಥದ್ದು ಅಂತ ಹೇಳಿಕೊಡಬೇಕಾಗಿಲ್ಲ.

ಇದನ್ನು ಓದುವಾಗ ಒಂದು ಮಾತು ಗಮನಿಸಿ. ಲೆಕ್ಕದಲ್ಲಿ ಚುರುಕಾಗಿರುವ ಹುಡುಗಿಗೆ ಮಾತ್ರ ಇಲ್ಲಿ ಜಾಗ ಎಂದೇನಿಲ್ಲ. ಚೆನ್ನಾಗಿ ರಂಗೋಲಿ ಹಾಕುವ, ಚಿತ್ರ ಬಿಡಿಸುವ, ಕಥೆ ಹೇಳುವ ಹುಡುಗಿಗೂ ಜಾಗ ಇದೆ.

ಹೆಂಗಸರು ಈ ಕೆಲಸಕ್ಕೆ ಹೊಸಬರಲ್ಲ

ಅಮೇರಿಕದಲ್ಲಿ ವಿಡಿಯೋ ಗೇಮ್ ಉದ್ಯಮ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲೇ ಹೆಂಗಸರು ಅದರಲ್ಲಿ ಇದ್ದರು. ಕರೋಲ್ ಶಾ ಎಂಬುವರು ಕಂಪ್ಯೂಟರ್ ಓದಿ 1978ರಲ್ಲಿ ಅಟಾರಿ ಕಂಪೆನಿಗೆ ಸೇರಿದರು. ಕಂಪೆನಿಯ ಮುಖ್ಯಸ್ಥರು ಅವರನ್ನು ನೋಡಿ, ಕೊನೆಗೂ ಒಬ್ಬ ಹೆಂಗಸು ಬಂದರಲ್ಲ, ಬಣ್ಣ ಹೊಂದಿಸುವುದಕ್ಕೆ, ಅಲಂಕಾರ ಮಾಡುವುದಕ್ಕೆ ಆಯಿತು ಎಂಬ ಅರ್ಥದ ಮಾತಾಡಿದರಂತೆ. ಶಾ ಅವರೇ ಇದನ್ನು ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರು ಅಲಂಕಾರಕ್ಕೆ ನಿಲ್ಲಲಿಲ್ಲ. ಬೇರೆ ಕಂಪೆನಿಗೆ ಹೋಗಿ 1982ರಲ್ಲಿ 'ರಿವರ್ ರೇಡ್' ಎಂಬ ಆಟ ಮಾಡಿದರು. ನದಿಯ ಮೇಲೆ ವಿಮಾನ ಹಾರಿಸುವ ಆ ಆಟ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಡೋನಾ ಬೇಲಿ ಎಂಬುವರು ಎಡ್ ಲಾಗ್ ಎಂಬ ಸಹೋದ್ಯೋಗಿಯ ಜೊತೆ 1981ರಲ್ಲಿ 'ಸೆಂಟಿಪೀಡ್' ಅಂದರೆ ಜರಿಹುಳದ ಆಟ ಮಾಡಿದರು. ಅದರ ತಿಳಿ ಬಣ್ಣಗಳು ಬೇರೆ ಆಟಗಳಂತಿರಲಿಲ್ಲ. ಹೆಂಗಸರೂ ಬಂದು ಆಡಿದ ಆಟ ಎಂದು ಅದಕ್ಕೆ ಹೆಸರು ಬಂತು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ರಾಬರ್ಟಾ ವಿಲಿಯಮ್ಸ್ ಅವರ ಕಥೆ. ಚಿಕ್ಕ ಮಕ್ಕಳ ತಾಯಿ, ಗೃಹಿಣಿ. ಕಂಪ್ಯೂಟರ್ ಭಾಷೆ ಬರುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಒಂದು ಪತ್ತೇದಾರಿ ಆಟದ ಕಥೆ, ನಕ್ಷೆ ಬರೆದರು. ಪ್ರೋಗ್ರಾಮಿಂಗ್ ಬರುತ್ತಿದ್ದ ಗಂಡ ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟರು. 1980ರಲ್ಲಿ ಬಂದ ಆ ಆಟದ ಹೆಸರು 'ಮಿಸ್ಟರಿ ಹೌಸ್'. ಅದುವರೆಗೆ ಇಂಥ ಕಥೆಯ ಆಟಗಳಲ್ಲಿ ಬರೀ ಅಕ್ಷರ ಇರುತ್ತಿತ್ತು, ಇದರಲ್ಲಿ ಚಿತ್ರವೂ ಇತ್ತು. ಅದರಿಂದ ಬೆಳೆದ ಅವರ ಕಂಪೆನಿ ಮುಂದೆ ಅಮೇರಿಕದ ದೊಡ್ಡ ಗೇಮ್ ಕಂಪೆನಿಗಳಲ್ಲಿ ಒಂದಾಯಿತು.

ಹಾಗಾದರೆ ಹೆಂಗಸರು ಕಡಿಮೆಯಾದದ್ದು ಹೇಗೆ? ಅಮೇರಿಕದಲ್ಲಿ 1980ರ ದಶಕದಲ್ಲಿ ಮನೆಮನೆಗೆ ಕಂಪ್ಯೂಟರ್ ಬಂತು. ಅದನ್ನೂ ಗೇಮನ್ನೂ ಗಂಡುಮಕ್ಕಳ ಸಾಮಾನು ಎಂದು ಜಾಹೀರಾತು ಮಾಡಿದರು. ಅಪ್ಪಂದಿರು ಮಗನಿಗೆ ಕೊಡಿಸಿದರು. ಮಗ ಮನೆಯಲ್ಲೇ ಕಲಿತು ಕಾಲೇಜಿಗೆ ಬಂದ, ಮಗಳು ಏನೂ ಕಲಿಯದೆ ಬಂದು ಹಿಂದೆ ಬಿದ್ದಳು. 1984ರಲ್ಲಿ ಅಲ್ಲಿ ಕಂಪ್ಯೂಟರ್ ಪದವಿ ಪಡೆದವರಲ್ಲಿ 100ಕ್ಕೆ 37 ಜನ ಹೆಂಗಸರಿದ್ದರು. ಸುಮಾರು 25 ವರ್ಷ ಕಳೆಯುವಷ್ಟರಲ್ಲಿ ಅದು 18ಕ್ಕೆ ಇಳಿದಿತ್ತು. ಬುದ್ಧಿ ಕಡಿಮೆಯಾದದ್ದಲ್ಲ, ಕೈಗೆ ಸಿಗದೆ ಹೋದದ್ದು. ನಮ್ಮ ಮನೆಗಳಲ್ಲಿ ಸ್ಮಾರ್ಟ್‌ಫೋನ್, ಲ್ಯಾಪ್‌ಟಾಪ್ ಮೊದಲು ಯಾರ ಕೈಗೆ ಹೋಗುತ್ತದೆ ಎಂದು ಒಮ್ಮೆ ಯೋಚಿಸಿ.

ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲಿ

ಬೆಂಗಳೂರಿನಲ್ಲಿ ಗೇಮ್ ತಯಾರಿಕೆ 1990ರ ದಶಕದಲ್ಲೇ ಧ್ರುವ ಇಂಟರಾಕ್ಟಿವ್ ಕಂಪೆನಿಯಿಂದ ಶುರುವಾಯಿತು. ವಿದೇಶದ ಜಿಂಗಾ ಕಂಪೆನಿ 2010ರಲ್ಲಿ ಬೆಂಗಳೂರಿಗೆ ಬಂತು. 2019ರಲ್ಲಿ ರಾಕ್‌ಸ್ಟಾರ್ ಕಂಪೆನಿ ಧ್ರುವವನ್ನು ಕೊಂಡುಕೊಂಡಿತು. ಆ್ಯನಿಮೇಷನ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ ನೀತಿ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2012ರಲ್ಲಿ. ಈಗ 2024ರಿಂದ 2029ರ ತನಕದ ಹೊಸ ನೀತಿ ಇದೆ.

ಬೆಂಗಳೂರಿನ ಕಂಪೆನಿಯಲ್ಲಿ ಕೆಲಸ ಮಾಡಿದ ಗೇಮ್ ವಿನ್ಯಾಸಕಿ ಪೂರ್ಣಿಮಾ ಸೀತಾರಾಮನ್ ಅವರಿಗೆ 2020ರಲ್ಲಿ 'ವಿಮೆನ್ ಇನ್ ಗೇಮ್ಸ್' ಸಂಸ್ಥೆಯ ಹಾಲ್ ಆಫ್ ಫೇಮ್ ಗೌರವ ಬಂತು. ಆ ಗೌರವ ಪಡೆದ ಮೊದಲ ಭಾರತೀಯರು ಅವರೇ.

ಪುಣೆಯ ಒಂದು ಸಣ್ಣ ತಂಡ 2020ರಲ್ಲಿ 'ರಾಜಿ' ಎಂಬ ಆಟ ಹೊರತಂದಿತು. ಕಥಾನಾಯಕಿ ಸರ್ಕಸ್ಸಿನ ಹುಡುಗಿ. ರಾಕ್ಷಸರು ಹೊತ್ತುಕೊಂಡು ಹೋದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ನಮ್ಮ ದೇಶದ ಕೋಟೆ, ಪುರಾಣ, ಚಿತ್ರಕಲೆ ಎಲ್ಲ ಅದರಲ್ಲಿವೆ. ಆ ತಂಡವನ್ನು ಕಟ್ಟಿದವರಲ್ಲಿ ಒಬ್ಬರು ಶ್ರುತಿ ಘೋಷ್. ಆಟದ ಕಲಾ ನಿರ್ದೇಶನವೂ ಅವರದೇ.

ಕಲ್ಕತ್ತೆಯ ಕಲಾವಿದೆ ಲೀನಾ ಕೇಜ್ರಿವಾಲ್ ಅವರು 2016ರಲ್ಲಿ 'ಮಿಸ್ಸಿಂಗ್' ಎಂಬ ಆಟ ತಂದರು. ಹೆಣ್ಣುಮಕ್ಕಳ ಸಾಗಾಟದ ಬಗ್ಗೆ ಇರುವ ಆಟ ಅದು. ಆಡುವವರು ಸಾಗಾಟಕ್ಕೆ ಸಿಕ್ಕಿಬಿದ್ದ ಹುಡುಗಿಯ ಜಾಗದಲ್ಲಿ ಇದ್ದು, ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕಬೇಕು. ನಾವು ಎಷ್ಟೋ ಬೀದಿನಾಟಕ, ಭಾಷಣಗಳಲ್ಲಿ ಹೇಳಲು ಕಷ್ಟಪಡುವ ವಿಷಯವನ್ನು ಅವರು ಮೊಬೈಲ್ ಆಟದಲ್ಲಿ ಹೇಳಿದರು.

ಇನ್ನೊಂದು ಆಟದ ಹೆಸರು 'ವೆಂಬಾ'. ಕೆನಡಾದ ಒಂದು ಸಣ್ಣ ತಂಡ 2023ರಲ್ಲಿ ಮಾಡಿದ್ದು. ಇದರಲ್ಲಿ ಬಂದೂಕಿಲ್ಲ, ಓಟವಿಲ್ಲ. ಪರದೇಶಕ್ಕೆ ಹೋದ ಒಬ್ಬ ತಾಯಿ, ತನ್ನ ಅಮ್ಮನ ಹರಿದುಹೋದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ, ಪುಟ್ಟು ಮಾಡುತ್ತಾಳೆ. ಅಳಿಸಿಹೋದ ಕಡೆ ಏನಿರಬಹುದು ಎಂದು ಆಡುವವರು ಊಹಿಸಬೇಕು. ಇಡ್ಲಿ ತಟ್ಟೆಯನ್ನು ಒಂದರ ಮೇಲೊಂದು ಹೇಗೆ ಇಡಬೇಕು ಎನ್ನುವುದೇ ಅದರಲ್ಲಿ ಒಂದು ಒಗಟು! ಮಗ ನಿಧಾನವಾಗಿ ತಾಯಿನುಡಿಯಿಂದ ದೂರ ಹೋಗುವ ನೋವೂ ಇದೆ. ಈ ಆಟಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಬಂತು. ಇಡ್ಲಿ ತಟ್ಟೆಯ ಒಗಟು ನಮಗೆ ದಿನಾ ಬೆಳಿಗ್ಗೆಯ ಕೆಲಸ. ಅದನ್ನು ಆಟ ಮಾಡಬಹುದು ಎಂದು ಯಾರೋ ಯೋಚಿಸಿದರು, ಅಷ್ಟೇ.

ಹೆಂಗಸರು ಯಾಕೆ ಬೇಕು?

ಅಮೇರಿಕದ ಲೆಕ್ಕದಂತೆ ಗೇಮ್ ಆಡುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರು. ತಯಾರಿಸುವವರಲ್ಲಿ ಎಷ್ಟು? ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ 2005ರಲ್ಲಿ ಸಮೀಕ್ಷೆ ಮಾಡಿದಾಗ 100ಕ್ಕೆ 11.5 ಮಾತ್ರ. 2021ರ ಸಮೀಕ್ಷೆಯಲ್ಲಿ ಸುಮಾರು 30. ಏರಿದೆ ನಿಜ, ಇನ್ನೂ ಅರ್ಧವಾಗಿಲ್ಲ.

ಪಂಚಾಯಿತಿಯಲ್ಲಿ ಹೆಂಗಸರು ಕೂತ ಮೇಲೆ ನೀರಿನ ನಲ್ಲಿ, ಶೌಚಾಲಯ, ಅಂಗನವಾಡಿಯ ಮಾತು ಜೋರಾಗಿ ಬಂದದ್ದನ್ನು ನೀವು ಕಂಡಿದ್ದೀರಿ. ಅದಕ್ಕೆ ಮೊದಲು ಇದ್ದ ಗಂಡಸರೆಲ್ಲ ಕೆಟ್ಟವರಾಗಿದ್ದರು ಅಂತಲ್ಲ, ಕೊಡ ಹೊತ್ತವರಿಗೆ ತಾನೇ ನಲ್ಲಿ ನೆನಪಾಗುವುದು. ಆಟದಲ್ಲೂ ಹಾಗೆಯೇ. ಮಾಡುವವರೆಲ್ಲ ಒಂದೇ ತರಹದವರಾದರೆ ಹೆಣ್ಣು ಬರೀ ಅಲಂಕಾರದ ಗೊಂಬೆಯಾಗಿ, ಇಲ್ಲವೆ ಯಾರೋ ಬಂದು ಬಿಡಿಸಬೇಕಾದ ರಾಜಕುಮಾರಿಯಾಗಿ ಉಳಿಯುತ್ತಾಳೆ. ನಮ್ಮ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ದಿನಕ್ಕೆ ಗಂಟೆಗಟ್ಟಲೆ ನೋಡುವ ಪರದೆಯಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಎನ್ನುವುದು ನಮ್ಮ ಮನೆಯ ವಿಷಯವೇ.

ಕಷ್ಟಗಳನ್ನೂ ತಿಳಿದಿರೋಣ

ಬರೀ ಒಳ್ಳೆಯದನ್ನು ಹೇಳಿ ನಿಮ್ಮನ್ನು ಹುರಿದುಂಬಿಸಿದರೆ ಅದು ಮೋಸವಾಗುತ್ತದೆ.

ಒಂದು, ಇದು ಖಾಯಂ ಸರ್ಕಾರಿ ನೌಕರಿಯ ಹಾಗಲ್ಲ. ಜಗತ್ತಿನಲ್ಲಿ 2023 ಮತ್ತು 2024ರಲ್ಲಿ ಗೇಮ್ ಕಂಪೆನಿಗಳು ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಕೆಲಸದಿಂದ ತೆಗೆದವು. ಬೆಂಗಳೂರಿನಲ್ಲೇ ಟೆಕ್ನಿಕಲರ್ ಎಂಬ ಆ್ಯನಿಮೇಷನ್ ಮತ್ತು ದೃಶ್ಯ ಪರಿಣಾಮಗಳ ದೊಡ್ಡ ಕಂಪೆನಿ 2025ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದ ಹಾಗೆ ಬಾಗಿಲು ಹಾಕಿತು.

ಎರಡು, ಆಟ ಬಿಡುಗಡೆಯ ದಿನ ಹತ್ತಿರ ಬಂದಾಗ ಹಗಲು ರಾತ್ರಿ ಕೆಲಸ ಮಾಡಿಸುವ ಕೆಟ್ಟ ಅಭ್ಯಾಸ ಈ ಉದ್ಯಮದಲ್ಲಿದೆ. ಇದಕ್ಕೆ 'ಕ್ರಂಚ್' ಅನ್ನುತ್ತಾರೆ. ಮದುವೆ, ಮಗು ಆದ ಮೇಲೆ ಹೆಂಗಸರು ಬಿಟ್ಟುಹೋಗಲು ಇದೂ ಒಂದು ಕಾರಣ.

ಮೂರು, ಕಿರುಕುಳ ಮತ್ತು ತಾರತಮ್ಯ. ಅಮೇರಿಕದ ರಾಯಟ್ ಗೇಮ್ಸ್ ಕಂಪೆನಿಯ ಮಹಿಳಾ ನೌಕರರು ಸಂಬಳದ ತಾರತಮ್ಯ ಮತ್ತು ಕಿರುಕುಳದ ವಿರುದ್ಧ ಮೊಕದ್ದಮೆ ಹೂಡಿದರು. 2021ರಲ್ಲಿ ಕಂಪೆನಿ 10 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಒಬ್ಬೊಬ್ಬರೇ ಅಳುತ್ತಾ ಕೂರದೆ ಒಟ್ಟಾಗಿ ನಿಂತದ್ದಕ್ಕೆ ಇದು ಆಯಿತು. ಸಂಘದ ಶಕ್ತಿ ಎಲ್ಲ ಕಡೆಯೂ ಒಂದೇ. ನಮ್ಮ ದೇಶದಲ್ಲಿ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಪ್ರತಿ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದೇ. ಕೆಲಸಕ್ಕೆ ಸೇರುವ ದಿನವೇ ಮಗಳು ಇದನ್ನು ಕೇಳಿ ತಿಳಿದುಕೊಳ್ಳಲಿ.

ನಾಲ್ಕು, ಈಗ ಕೃತಕ ಬುದ್ಧಿಮತ್ತೆ ಅಂದರೆ ಎ.ಐ. ಬಂದು ಚಿತ್ರ ಬಿಡಿಸುವ, ಪ್ರೋಗ್ರಾಂ ಬರೆಯುವ ಕೆಲವು ಕೆಲಸವನ್ನು ಯಂತ್ರವೇ ಮಾಡುತ್ತಿದೆ. ಒಂದೇ ಕೆಲಸ ಕಲಿತು ಕೂತವರಿಗೆ ಕಷ್ಟ. ಆದ್ದರಿಂದ ಗಟ್ಟಿ ಪದವಿಯೊಂದು ಕೈಯಲ್ಲಿ ಇರಬೇಕು. ಗೇಮ್ ಕೆಲಸ ಸಿಗದಿದ್ದರೂ ಬೇರೆ ಸಾಫ್ಟ್‌ವೇರ್, ಜಾಹೀರಾತು, ಆ್ಯನಿಮೇಷನ್ ಕೆಲಸಕ್ಕೆ ಅದು ಆಗಿಬರುತ್ತದೆ.

ಕಲಿಯುವ ದಾರಿ

ಹೈಸ್ಕೂಲಿನಲ್ಲಿ: 'ಸ್ಕ್ರಾಚ್' ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅಮೇರಿಕದ ಎಂ.ಐ.ಟಿ. ಸಂಸ್ಥೆ 2007ರಲ್ಲಿ ಮಕ್ಕಳಿಗಾಗಿ ಮಾಡಿದ್ದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಟ ಮಾಡಬಹುದು. ಒಮ್ಮೆ ಡೌನ್‌ಲೋಡ್ ಮಾಡಿದರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಾವು ಹೇಳಿದ ಹುಡುಗಿ ನೀರಿನ ಕೊಡದ ಆಟ ಮಾಡಿದ್ದು ಇದರಲ್ಲೇ. ಶಾಲೆಯ ಕಂಪ್ಯೂಟರ್ ಕೋಣೆ, ಕೆಲವು ಶಾಲೆಗಳಲ್ಲಿರುವ ಅಟಲ್ ಟಿಂಕರಿಂಗ್ ಲ್ಯಾಬ್, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅಂದರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿ ಕಲಿಯಬಹುದು.

ಎಸ್ಸೆಸ್ಸೆಲ್ಸಿ ಆದ ಮೇಲೆ: ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಡಿಪ್ಲೊಮಾ.

ಪಿಯುಸಿ ಆದ ಮೇಲೆ: ಪ್ರೋಗ್ರಾಮಿಂಗ್ ಇಷ್ಟವಾದರೆ ಬಿ.ಸಿ.ಎ., ಬಿ.ಎಸ್ಸಿ. ಅಥವಾ ಬಿ.ಇ. ಚಿತ್ರಕಲೆ ಇಷ್ಟವಾದರೆ ದೃಶ್ಯಕಲಾ ಪದವಿ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ದಾವಣಗೆರೆಯ ದೃಶ್ಯಕಲಾ ಕಾಲೇಜು ಇದಕ್ಕೆ ಹೆಸರಾದವು.

ಪದವಿ ಆದ ಮೇಲೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್.ಐ.ಡಿ.) ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಗೇಮ್ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು.

ಎಲ್ಲ ಹಂತದಲ್ಲೂ: 'ಗೊಡೋ' ಎಂಬುದು ಗೇಮ್ ಕಟ್ಟುವ ಉಚಿತ ಸಾಫ್ಟ್‌ವೇರ್. 'ಬ್ಲೆಂಡರ್' ಮೂರು ಆಯಾಮದ ಚಿತ್ರ ಮಾಡಲು, 'ಕ್ರಿಟಾ' ಚಿತ್ರ ಬಿಡಿಸಲು. ಇವೂ ಉಚಿತ. ಈ ಉದ್ಯೋಗದಲ್ಲಿ ಅಂಕಪಟ್ಟಿಗಿಂತ ಮೊದಲು ಕೇಳುವುದು 'ನೀನೇ ಮಾಡಿದ್ದು ಏನಿದೆ, ತೋರಿಸು' ಎಂದು. ಆದ್ದರಿಂದ ಚಿಕ್ಕದಾದರೂ ಮುಗಿಸಿದ ಎರಡು ಮೂರು ಆಟ ಕೈಯಲ್ಲಿರಲಿ. ಅರ್ಧಕ್ಕೆ ಬಿಟ್ಟ ಹತ್ತು ಆಟಕ್ಕಿಂತ ಮುಗಿಸಿದ ಒಂದು ಆಟ ಮೇಲು.

ದುಡ್ಡಿನ ವಿಷಯದಲ್ಲಿ ಎಚ್ಚರ

ಆ ತಾಯಿಯ ಜೊತೆ ನಾವು ಒಂದು ಖಾಸಗಿ ತರಬೇತಿ ಕೇಂದ್ರಕ್ಕೂ ಹೋಗಿದ್ದೆವು. ಎ.ಸಿ. ಕೋಣೆ, ಗೋಡೆ ತುಂಬ ಪೋಸ್ಟರ್. "ನೂರಕ್ಕೆ ನೂರು ಕೆಲಸ ಕೊಡಿಸ್ತೀವಿ, ಇವತ್ತೇ ಕಟ್ಟಿದ್ರೆ ರಿಯಾಯಿತಿ" ಎಂದರು. ಕಳೆದ ವರ್ಷ ಕಲಿತವರಲ್ಲಿ ನಾಲ್ವರ ಹೆಸರು, ಅವರು ಈಗ ಎಲ್ಲಿದ್ದಾರೆ ಹೇಳಿ ಎಂದು ಕೇಳಿದೆವು. ಉತ್ತರ ಬರಲಿಲ್ಲ. ಆ ತಾಯಿ ಮನೆಯ ಪತ್ರ ಅಡ ಇಡುವ ಯೋಚನೆಯಲ್ಲಿದ್ದರು. ಎದ್ದು ಬಂದೆವು.

ಆದ್ದರಿಂದ ಸೇರುವ ಮೊದಲು ಕೇಳಿ: ಈ ಕೋರ್ಸಿಗೆ ವಿಶ್ವವಿದ್ಯಾಲಯದ ಅಥವಾ ಸರ್ಕಾರದ ಮಾನ್ಯತೆ ಇದೆಯೇ? ಪಾಠ ಹೇಳುವವರು ಯಾವ ಆಟದಲ್ಲಿ ಕೆಲಸ ಮಾಡಿದ್ದಾರೆ? ಹಿಂದೆ ಕಲಿತವರ ಜೊತೆ ಮಾತಾಡಬಹುದೇ? ಮಧ್ಯದಲ್ಲಿ ಬಿಟ್ಟರೆ ಶುಲ್ಕ ವಾಪಸ್ ಬರುತ್ತದೆಯೇ? ಎಲ್ಲವನ್ನೂ ಬರಹದಲ್ಲಿ ತೆಗೆದುಕೊಳ್ಳಿ.

ಮಾನ್ಯತೆ ಇರುವ ಕೋರ್ಸಿಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಸಿಗುತ್ತದೆ. ಕೇಂದ್ರದ ಸಾಲ ಖಾತರಿ ಯೋಜನೆಯಡಿ 7.5 ಲಕ್ಷ ರೂಪಾಯಿ ತನಕದ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ. ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಬಡ್ಡಿ ವ್ಯಾಪಾರಿಯ ಹತ್ತಿರ ಹೋಗುವ ಮೊದಲು ಬ್ಯಾಂಕಿನ ಮ್ಯಾನೇಜರ್ ಹತ್ತಿರ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಸಂಘ ಏನು ಮಾಡಬಹುದು?

1. ಒಕ್ಕೂಟದ ಮಟ್ಟದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು, ವಾರದ ಸರದಿಯಲ್ಲಿ ಹೆಣ್ಣುಮಕ್ಕಳಿಗೆ ಕೊಡಬಹುದು. ಚಿಕ್ಕ ಆಟ ಮಾಡಲು ಅದು ಸಾಕು.
2. ಬೇಸಿಗೆ ರಜೆಯಲ್ಲಿ ಹತ್ತು ದಿನದ ಶಿಬಿರ ನಡೆಸಬಹುದು. ಊರಿನ ಬಿ.ಸಿ.ಎ., ಬಿ.ಇ. ಓದುವ ಹುಡುಗಿಯರೇ ಕಲಿಸಲಿ.
3. ಚೌಕಾಬಾರ, ಅಳಗುಳಿಮಣೆ ನಿಯಮಗಳನ್ನು ಹಿರಿಯರಿಂದ ಕೇಳಿ ಬರೆದಿಡಲು ಹುಡುಗಿಯರಿಗೆ ಹೇಳಿ. ಆಟದ ವಿನ್ಯಾಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸುಲಭವಾಗಿ ಸಿಗದು.
4. ಮನೆಯ ಮೊಬೈಲಿನಲ್ಲಿ ಮಗನಿಗೆ ಸಿಗುವಷ್ಟೇ ಹೊತ್ತು ಮಗಳಿಗೂ ಸಿಗಲಿ. ಇದಕ್ಕೆ ಖರ್ಚಿಲ್ಲ.

ಕೊನೆಯ ಮಾತು

ಆ ಸಂಘ ಎರಡು ತಿಂಗಳ ನಂತರ ಮತ್ತೆ ಸೇರಿದಾಗ ಹುಡುಗಿಯನ್ನು ಒಳಗೆ ಕರೆದು ಆಟ ತೋರಿಸಲು ಹೇಳಿದರು. ಸದಸ್ಯೆಯರು ಒಬ್ಬೊಬ್ಬರಾಗಿ ಆಡಿದರು. "ನಾಯಿ ಇಷ್ಟು ಬೇಗ ಬಂದ್ರೆ ಹೆಂಗೆ ದಾಟೋದು, ಸ್ವಲ್ಪ ನಿಧಾನ ಮಾಡು ಮಗಾ" ಎಂದು ಹಿರಿಯ ಸದಸ್ಯೆಯೊಬ್ಬರು ಹೇಳಿದರು. ಅವಳು ಬರೆದುಕೊಂಡಳು. ನಾವು ಆ ದಿನದ ನಮ್ಮ ಸಲಹೆಯನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಂಡೆವು. ಬಿ.ಸಿ.ಎ. ಸೇರುವುದು, ಗೇಮ್ ಕೆಲಸವನ್ನು ಜೊತೆಗೆ ಕಲಿಯುವುದು, ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಸಂಘದ ಸಾಲ ಎಂದು ತೀರ್ಮಾನವಾಯಿತು.

ರಮ್ಮಿಯಿಂದ ನೊಂದಿದ್ದ ಆ ಸದಸ್ಯೆ ಕೈ ಎತ್ತುವ ಮೊದಲು ಒಂದು ಷರತ್ತು ಹಾಕಿದರು: "ದುಡ್ಡು ಕಟ್ಟಿ ಆಡೋ ಆಟ ಮಾತ್ರ ನೀನು ಯಾವತ್ತೂ ಮಾಡಕೂಡದು." ಹುಡುಗಿ ಒಪ್ಪಿದಳು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರು.

ಅವಳಿಗೆ ಮುಂದೆ ಗೇಮ್ ಕಂಪೆನಿಯಲ್ಲೇ ಕೆಲಸ ಸಿಗುತ್ತದೆ ಎಂದು ನಾವು ಮಾತು ಕೊಡಲಾರೆವು. ಸಂಘದ ಸಾಲದ ಕಂತು ಮಾತ್ರ ಇದುವರೆಗೆ ಒಂದೂ ತಪ್ಪಿಲ್ಲ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಮೊಬೈಲ್, ಕಂಪ್ಯೂಟರ್ ಮೊದಲು ಯಾರ ಕೈಗೆ ಹೋಗುತ್ತದೆ? ಯಾಕೆ?
2. ಹಣ ಕಟ್ಟುವ ಆಟದಿಂದ ನಮ್ಮ ಊರಿನಲ್ಲಿ ತೊಂದರೆಯಾದ ಮನೆಗಳಿವೆಯೇ? ಸಂಘ ಏನು ಮಾಡಬಹುದು?
3. ಚಿತ್ರ, ಕಥೆ, ಲೆಕ್ಕ, ಸಂಗೀತದಲ್ಲಿ ಆಸಕ್ತಿ ಇರುವ ಹೆಣ್ಣುಮಕ್ಕಳು ನಮ್ಮ ಸಂಘದ ಮನೆಗಳಲ್ಲಿ ಯಾರಿದ್ದಾರೆ? ಅವರ ಹೆಸರು ಬರೆದುಕೊಳ್ಳಿ, ಮುಂದಿನ ಸಭೆಗೆ ಅವರನ್ನೂ ಕರೆಯಿರಿ.
4. ನಮ್ಮ ದಿನದ ಬದುಕಿನ ಯಾವ ಕೆಲಸ ಒಂದು ಒಳ್ಳೆಯ ಆಟವಾಗಬಹುದು?